ಕೆಂಪು ದೀಪಕ್ಕೆ ಸೈಕಲ್ ನಿಲ್ಲಬೇಕಾ?

ಸಿಗ್ನಲ್ ಕೆಂಪಾಗಿದೆ. ಕಾರು, ಬೈಕು, ಆಟೋ, ಬಸ್ಸು ಎಲ್ಲಾ ನಿಂತಿವೆ. ಸಂದಿಯಲ್ಲಿ ನುಸುಳಿಕೊಂಡು ಒಂದು ಸೈಕಲ್ ಮುಂದೆ ಬರುತ್ತದೆ. ಸವಾರ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ ದಾಟಿಯೇ ಬಿಡುತ್ತಾನೆ. ಕಾರಿನಲ್ಲಿ ಕೂತವರಿಗೆ ಮೈ ಉರಿಯುತ್ತದೆ. ‘ನಮಗೊಂದು ನ್ಯಾಯ, ಅವನಿಗೊಂದು ನ್ಯಾಯಾನಾ?’ ಸೈಕಲ್‌ನವರನ್ನು ಕೇಳಿದರೆ ‘ನನ್ನಿಂದ ಯಾರಿಗೇನಾಯ್ತು?’ ಅನ್ನುತ್ತಾರೆ. ಇದು ಬೆಂಗಳೂರಿನ ಜಗಳ ಮಾತ್ರ ಅಲ್ಲ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್‌ನಲ್ಲೂ ವರ್ಷಗಟ್ಟಲೆ ನಡೆದಿದೆ. ಕೆಲವು ಊರುಗಳಲ್ಲಿ ಸೈಕಲ್‌ನವರ ಪರವಾಗಿ ಕಾನೂನೇ ಬದಲಾಗಿದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ, ಇವತ್ತಿನ ಸ್ಥಿತಿಯಲ್ಲಿ, ನಿಲ್ಲಬೇಕು. ಆದರೆ ಅದಕ್ಕೆ ಜನ ಕೊಡುವ ಕಾರಣ, ಅಂದರೆ ‘ರಸ್ತೆಯಲ್ಲಿ ಎಲ್ಲರೂ ಒಂದೇ’ ಅನ್ನೋದು, ನನಗೆ ಒಪ್ಪಿಗೆಯಿಲ್ಲ. ಸಿಗ್ನಲ್ ಇರೋದೇ ಮೋಟಾರಿನ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಸೈಕಲ್ ಸೇರಿಲ್ಲ.

ಮೊದಲು ಕಾನೂನು. ಸಿಗ್ನಲ್ ಹಾರಿಸಿದರೆ ದಂಡ ಹಾಕೋದು 1988ರ ಮೋಟಾರು ವಾಹನ ಕಾಯ್ದೆ. ಅದರ 119ನೇ ಕಲಂ ಸಿಗ್ನಲ್ ದೀಪದ ಸೂಚನೆ ಪಾಲಿಸಬೇಕು ಅನ್ನುತ್ತದೆ. ಆದರೆ ಯಾರು? ‘ಮೋಟಾರು ವಾಹನದ ಚಾಲಕರು’. 2019ರ ತಿದ್ದುಪಡಿ ಆದಮೇಲೆ 184ನೇ ಕಲಂ ಕೆಂಪು ದೀಪ ದಾಟೋದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. ಅದೂ ಮೋಟಾರು ವಾಹನಕ್ಕೇ. ಕಾಲಲ್ಲಿ ತುಳಿಯೋ ಸೈಕಲ್‌ಗೆ ಮೋಟಾರಿಲ್ಲ, ಹಾಗಾಗಿ ಅದು ಈ ಕಾಯ್ದೆಯ ಬಲೆಗೆ ಬೀಳೋದಿಲ್ಲ. ಇನ್ನೂ ತಮಾಷೆ ಅಂದರೆ, 250 ವ್ಯಾಟ್ ಒಳಗಿನ ಮೋಟಾರು ಇರುವ, ಗಂಟೆಗೆ 25 ಕಿ.ಮೀ. ದಾಟದ ಎಲೆಕ್ಟ್ರಿಕ್ ಗಾಡಿಗಳನ್ನೂ ನಿಯಮಗಳು ಮೋಟಾರು ವಾಹನ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಡೆಲಿವರಿ ಹುಡುಗರು ಓಡಿಸುವ ನಂಬರ್ ಪ್ಲೇಟ್ ಇಲ್ಲದ ಗಾಡಿಗಳಲ್ಲಿ ಇಂಥವು ಬೇಕಾದಷ್ಟಿವೆ.

ಹಾಗಾದರೆ ಸೈಕಲ್‌ಗೆ ಕಾನೂನೇ ಇಲ್ವಾ? ಇದೆ, ಬೇರೆ ಬಾಗಿಲಿಂದ ಬರುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ರಸ್ತೆ ಸಂಚಾರಕ್ಕೆ ನಿಯಮ ಮಾಡೋ ಅಧಿಕಾರವನ್ನು ಪೊಲೀಸ್ ಕಮಿಷನರ್ ಮತ್ತು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಆ ಸಾಲಿನಲ್ಲಿ ಸವಾರಿ ಮಾಡುವವರು, ಸೈಕಲ್ ತುಳಿಯುವವರು, ನಡೆಯುವವರು, ದನ ಹೊಡೆದುಕೊಂಡು ಹೋಗುವವರು ಎಲ್ಲರೂ ಇದ್ದಾರೆ. ಇನ್ನು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ. ಬೇರೆಯವರ ಜೀವಕ್ಕೆ ಅಪಾಯ ಆಗೋ ಹಾಗೆ ದುಡುಕಿನಿಂದ ಗಾಡಿ ಓಡಿಸಿದರೆ 6 ತಿಂಗಳ ತನಕ ಜೈಲು, ಇಲ್ಲವೇ 1,000 ರೂಪಾಯಿ ತನಕ ದಂಡ, ಅಥವಾ ಎರಡೂ. ಅಲ್ಲಿ ‘ಮೋಟಾರು’ ಅನ್ನೋ ಪದವಿಲ್ಲ. ಎಲ್ಲಕ್ಕಿಂತ ಜೇಬಿಗೆ ತಟ್ಟೋದು ಪರಿಹಾರದ ವಿಷಯ. ಕೆಂಪಿನಲ್ಲಿ ದಾಟುವಾಗ ಕಾರು ಗುದ್ದಿತು ಅಂತಿಟ್ಟುಕೊಳ್ಳಿ. ‘ಇದರಲ್ಲಿ ಇವರ ತಪ್ಪೂ ಇದೆ’ ಅಂತ ವಿಮೆ ಕಂಪನಿಯ ವಕೀಲರು ವಾದಿಸುತ್ತಾರೆ, ಕೋರ್ಟು ಅಷ್ಟು ಪಾಲು ಹಣ ಕಡಿಮೆ ಮಾಡಬಹುದು. ದಂಡ ಬೀಳದೆ ಇರಬಹುದು, ಆದರೆ ಬೆಲೆ ತೆರೋದು ತಪ್ಪಲ್ಲ.

ಈಗ ಸೈಕಲ್‌ನವರ ಕಡೆ ವಾದ. ಇದನ್ನು ಸೋಮಾರಿತನ ಅಂತ ತಳ್ಳಿಹಾಕೋದು ಸುಲಭ. ಲೆಕ್ಕ ಹಾಕಿ ನೋಡೋಣ.

ಸವಾರ, ಸೈಕಲ್ ಎರಡೂ ಸೇರಿ 80 ಕೆಜಿ. ವೇಗ ಗಂಟೆಗೆ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್. ಹೈಸ್ಕೂಲಿನ ಸೂತ್ರ ಹಾಕಿದರೆ ಆ ಚಲನೆಯಲ್ಲಿರೋ ಶಕ್ತಿ 1,000 ಜೂಲ್. ಬ್ರೇಕ್ ಹಿಡಿದಿರಿ ಅಂದರೆ ಅಷ್ಟೂ ಬಿಸಿಯಾಗಿ ಹೋಯಿತು. ಮತ್ತೆ ಅದೇ ವೇಗಕ್ಕೆ ಬರಲು ಆ 1,000 ಜೂಲನ್ನು ಕಾಲೇ ಕೊಡಬೇಕು. ಆರಾಮಾಗಿ ತುಳಿಯೋ ಮನುಷ್ಯ ಕೊಡೋದು 80 ವ್ಯಾಟ್ ಆಸುಪಾಸು. ಅಂದರೆ ಒಂದೊಂದು ಸಲ ನಿಂತಾಗಲೂ ಹನ್ನೆರಡು ಸೆಕೆಂಡಿಗೂ ಜಾಸ್ತಿ ತುಳಿದ ದುಡಿಮೆ ನೀರಿಗೆ ಹೋದಂತೆ. ಕಾರಿನವರಿಗೆ ಇದು ಬಲಗಾಲಿನ ಹೆಬ್ಬೆರಳ ಕೆಲಸ, ಉಳಿದದ್ದು ಪೆಟ್ರೋಲಿನದು.

ಭಾರ ಹೊತ್ತ ಸೈಕಲ್ ಆದರಂತೂ ಕಥೆಯೇ ಬೇರೆ. ಎಳನೀರು ಮಾರೋರನ್ನು ಸಿಗ್ನಲ್‌ನಲ್ಲಿ ಒಮ್ಮೆ ಗಮನಿಸಿ. ಹಿಂದೆ ಎರಡೂ ಕಡೆ ಗೊನೆಗಳು ಜೋತಾಡುತ್ತಿರುತ್ತವೆ. ಐವತ್ತು ಕಾಯಿ ಅಂದರೂ ಹತ್ತಿರ ಹತ್ತಿರ ಇನ್ನೊಬ್ಬ ಮನುಷ್ಯನ ತೂಕ. ಅವರು ಮುಂದಕ್ಕೆ ನುಗ್ಗೋದೇ ಇಲ್ಲ. ದೀಪ ಕೆಂಪಾಗೋದು ದೂರದಿಂದಲೇ ಕಂಡರೆ ತುಳಿಯೋದು ಬಿಟ್ಟು, ಸೈಕಲ್ ತಾನಾಗೇ ಓಡಿದಷ್ಟು ಓಡಲಿ ಅಂತ ಬಿಡುತ್ತಾರೆ. ಆಮೇಲೆ ಫುಟ್‌ಪಾತ್ ಅಂಚಿಗೆ ಎಡಗಾಲು ಊರಿ ನಿಲ್ಲುತ್ತಾರೆ. ಹಸಿರು ಬಂದ ತಕ್ಷಣ ಹತ್ತೋದಿಲ್ಲ. ಹ್ಯಾಂಡಲ್ ಹಿಡಿದು ನಾಲ್ಕು ಹೆಜ್ಜೆ ಓಡಿ, ಸೈಕಲ್ ಉರುಳೋಕೆ ಶುರುವಾದ ಮೇಲೆ ಒಂದು ಕಾಲು ಪೆಡಲಿಗೆ ಇಟ್ಟು ಹಾರಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಹಿಂದಿನ ಕಾರು ಮೂರು ಸಲ ಹಾರ್ನ್ ಹೊಡೆದಿರುತ್ತದೆ.

ಎರಡನೇ ವಾದ ಅಪಾಯದ್ದು. ಅದೇ 1,000 ಜೂಲಿನ ಪಕ್ಕದಲ್ಲಿ ಗಂಟೆಗೆ 36 ಕಿ.ಮೀ. ವೇಗದ 1,200 ಕೆಜಿ ಕಾರನ್ನು ಇಡಿ. ಅದರ ಶಕ್ತಿ 60,000 ಜೂಲ್, ಸೈಕಲ್‌ನ 60 ಪಟ್ಟು. ಜನ ತುಂಬಿದ 15 ಟನ್ ಬಸ್ಸು ಅದೇ ವೇಗದಲ್ಲಿದ್ದರೆ 750 ಪಟ್ಟು. ಕಾರು ಕೆಂಪು ದಾಟಿದರೆ ಸಾಯೋದು ಬೇರೆಯವರು, ಸೈಕಲ್ ದಾಟಿದರೆ ಬಹುಪಾಲು ಸಾಯೋದು ಸೈಕಲ್‌ನವನೇ. ಹಾಗಂತ ಎರಡೂ ತಪ್ಪಲ್ಲ ಅಂತಲ್ಲ. ಆದರೆ ಎರಡೂ ಒಂದೇ ತೂಕದ ತಪ್ಪೂ ಅಲ್ಲ.

ಮೂರನೇ ಕಾರಣ ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ನನ್ನ ಪ್ರಕಾರ ಇದೇ ಮುಖ್ಯ. ನಿಯತ್ತಾಗಿ ಹಸಿರಿನಲ್ಲೇ ಹೊರಟ ಸೈಕಲ್‌ನವರೂ ಕೆಂಪಿನ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹಸಿರು ಮುಗಿದ ಮೇಲೆ ಹಳದಿ ಮೂರು ಸೆಕೆಂಡಿನಷ್ಟು ಇರುತ್ತದೆ. ಆಮೇಲೆ ಎಲ್ಲ ದಿಕ್ಕಿಗೂ ಕೆಂಪು ಒಂದೆರಡು ಸೆಕೆಂಡು. ಒಟ್ಟು ಐದು ಅಂತಿಟ್ಟುಕೊಳ್ಳಿ. ಜಂಕ್ಷನ್ 40 ಮೀಟರ್ ಅಗಲ. ಗಂಟೆಗೆ 36 ಕಿ.ಮೀ. ವೇಗದ ಬೈಕು ಹಸಿರಿನ ಕೊನೇ ಕ್ಷಣದಲ್ಲಿ ಒಳಗೆ ಬಂದರೂ ನಾಲ್ಕು ಸೆಕೆಂಡಿನಲ್ಲಿ ಆಚೆ ದಾಟುತ್ತದೆ. ಸೈಕಲ್‌ಗೆ ಬೇಕಾಗೋದು ಎಂಟು ಸೆಕೆಂಡು. ಅಡ್ಡ ರಸ್ತೆಗೆ ಹಸಿರು ಬಿದ್ದಾಗ ಅದು ಇನ್ನೂ 15 ಮೀಟರ್ ಹಿಂದೆ, ಜಂಕ್ಷನ್ ಒಳಗೇ ಇರುತ್ತದೆ. ಆ ಹೊತ್ತಿಗೆ ನಮ್ಮ ಬೈಕ್‌ನವರು ಕೌಂಟರ್ ‘3’ ತೋರಿಸುವಾಗಲೇ ಹೊರಟಿರುತ್ತಾರೆ, ಅದು ಬೇರೆ ವಿಷಯ. ನೋಡೋರಿಗೆ ಸೈಕಲ್‌ನವನು ಸಿಗ್ನಲ್ ಹಾರಿಸಿದವನ ಹಾಗೇ ಕಾಣುತ್ತಾನೆ. ತಪ್ಪು ಅವನದಲ್ಲ, ಟೈಮರಿನದು.

ಈ ಹೆದರಿಕೆಯಿಂದಲೇ ಎಷ್ಟೋ ಜನ ಹಸಿರಿಗೆ ಕಾಯದೆ ಮೊದಲೇ ಹೊರಡುತ್ತಾರೆ. ಹಿಂದೆ ನಿಂತ ಗುಂಪು ಒಟ್ಟಿಗೆ ನುಗ್ಗುವ ಮುಂಚೆ ಆಚೆ ಸೇರಿಬಿಡೋಣ ಅನ್ನೋ ಲೆಕ್ಕ. ಎಡಕ್ಕೆ ತಿರುಗೋ ಬಸ್ಸು, ಲಾರಿಯ ಎಡಪಕ್ಕದಲ್ಲಿ ನಿಂತಿರೋದು ಸೈಕಲ್‌ಗೆ ತುಂಬಾ ಕೆಟ್ಟ ಜಾಗ. ಡ್ರೈವರಿಗೆ ಅದು ಕಾಣೋದೇ ಇಲ್ಲ, ಗಾಡಿ ತಿರುಗುವಾಗ ಹಿಂದಿನ ಚಕ್ರ ಒಳಗೆ ಎಳೆದುಕೊಂಡು ಬರುತ್ತದೆ. ಲಂಡನ್ನಿನ ಬೋ ವೃತ್ತದಲ್ಲಿ 2011ರ ಅಕ್ಟೋಬರ್, ನವೆಂಬರಿನಲ್ಲಿ ಇಬ್ಬರು ಸೈಕಲ್ ಸವಾರರು ಲಾರಿಗೆ ಸಿಕ್ಕಿ ಸತ್ತರು. ಮರುವರ್ಷ ಅಲ್ಲಿ ಸೈಕಲ್‌ಗೆ ಕೆಲವು ಸೆಕೆಂಡು ಮುಂಚೆ ಹಸಿರು ಕೊಡುವ ದೀಪ ಹಾಕಿದರು. ಅಲ್ಲಿಯವರೆಗೆ ‘ತಪ್ಪು’ ಆಗಿದ್ದ ಕೆಲಸವನ್ನೇ ಸಿಗ್ನಲ್ ಮಾಡಿಕೊಡತೊಡಗಿತು. ಅಂದ ಹಾಗೆ, ‘ಸೈಕಲ್‌ನವರೆಲ್ಲ ಸಿಗ್ನಲ್ ಹಾರಿಸ್ತಾರೆ’ ಅನ್ನೋ ಮಾತು ಲಂಡನ್ನಿನಲ್ಲೂ ಜೋರಾಗೇ ಇತ್ತು. 2007ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಐದು ಜಾಗಗಳಲ್ಲಿ 7,500ಕ್ಕೂ ಹೆಚ್ಚು ಸೈಕಲ್ ಎಣಿಸಿ ನೋಡಿದಾಗ ಕೆಂಪು ದಾಟಿದ್ದು ನೂರಕ್ಕೆ 16 ಮಂದಿ. ಉಳಿದ 84 ಮಂದಿ ನಿಂತಿದ್ದರು. ನಿಂತವರು ಯಾರ ಕಣ್ಣಿಗೂ ಬೀಳೋದಿಲ್ಲ, ಅಲ್ವಾ?

ಕಾನೂನು ಬದಲಿಸಿದ ಕಡೆಗಳಲ್ಲಿ ಮೊದಲು ಹೇಳಬೇಕಾದ್ದು ಅಮೆರಿಕದ ಐಡಾಹೊ ರಾಜ್ಯ. ವರ್ಷ 1982. ಕಾರಣ ಸೈಕಲ್ ಪ್ರೇಮವೇನೂ ಅಲ್ಲ. ಸೈಕಲ್‌ನವರ ಚಿಲ್ಲರೆ ಕೇಸುಗಳು ಕೋರ್ಟುಗಳಲ್ಲಿ ಗುಡ್ಡೆ ಬಿದ್ದು ನ್ಯಾಯಾಧೀಶರು ಬೇಸತ್ತಿದ್ದರು. ರಾಜ್ಯದ ಕೋರ್ಟುಗಳ ಆಡಳಿತ ನೋಡಿಕೊಳ್ಳುತ್ತಿದ್ದ ಕಾರ್ಲ್ ಬಿಯಾಂಕಿ ಸಂಚಾರ ಕಾನೂನು ಹೊಸದಾಗಿ ಬರೆಯುವ ಹೊತ್ತಿನಲ್ಲಿ ಈ ಬದಲಾವಣೆಯನ್ನೂ ಸೇರಿಸಿದರು. ದೀಪದ ಬದಲು ‘ಸ್ಟಾಪ್’ ಅನ್ನೋ ಬೋರ್ಡ್ ಇರುವ ಜಂಕ್ಷನ್‌ಗಳಲ್ಲಿ ಸೈಕಲ್ ಪೂರ್ತಿ ನಿಲ್ಲಬೇಕಿಲ್ಲ. ನಿಧಾನ ಮಾಡಿ, ಬರುವವರಿಗೆ ದಾರಿ ಬಿಟ್ಟು ಹೋಗಬಹುದು. ಕೆಂಪು ದೀಪದ ನಿಯಮವನ್ನು 2006ರಲ್ಲಿ ಬಿಗಿ ಮಾಡಿದರು. ಈಗ ಅಲ್ಲಿ ಕೆಂಪಿಗೆ ಮೊದಲು ಪೂರ್ತಿ ನಿಲ್ಲಬೇಕು, ಯಾರೂ ಬರುತ್ತಿಲ್ಲ ಅಂತ ನೋಡಿ ಆಮೇಲೆ ಹೊರಡಬಹುದು.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಅಮೆರಿಕದಲ್ಲಿ ಸೈಕಲ್‌ನವರು ಸಿಗ್ನಲ್‌ಗೆ ನಿಲ್ಲಬೇಕಾಗಿಲ್ಲವಂತೆ’ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. 2017ರಿಂದ ಈಚೆಗೆ ಐಡಾಹೊ ದಾರಿ ಹಿಡಿದ ಡೆಲವೇರ್, ಒರೆಗಾನ್, ವಾಷಿಂಗ್ಟನ್, ಮಿನ್ನೆಸೋಟಾ ರಾಜ್ಯಗಳು ರಿಯಾಯಿತಿ ಕೊಟ್ಟಿದ್ದು ಸ್ಟಾಪ್ ಬೋರ್ಡಿಗೆ. ಸಿಗ್ನಲ್‌ನ ಕೆಂಪಿಗೆ ಅಲ್ಲ. ಅರ್ಕಾನ್ಸಾ, ಕೊಲರಾಡೊದಂಥ ಕೆಲವು ರಾಜ್ಯಗಳು ಮಾತ್ರ ಕೆಂಪು ದೀಪದ ತನಕ ಹೋದವು. ಡೆಲವೇರ್‌ನಲ್ಲಿ ಕಾನೂನು ಬಂದ ಮೇಲಿನ 30 ತಿಂಗಳಲ್ಲಿ ಸ್ಟಾಪ್ ಬೋರ್ಡ್ ಜಂಕ್ಷನ್‌ಗಳಲ್ಲಿ ಸೈಕಲ್ ಅಪಘಾತಗಳು ಅದಕ್ಕೂ ಹಿಂದಿನ 30 ತಿಂಗಳಿಗಿಂತ ನೂರಕ್ಕೆ 23ರಷ್ಟು ಕಡಿಮೆಯಾದವು. ಒಳ್ಳೆ ಸುದ್ದಿಯೇ. ಆದರೆ ಅದು ಚಿಕ್ಕ ರಾಜ್ಯ, ಅಪಘಾತಗಳ ಸಂಖ್ಯೆಯೂ ಚಿಕ್ಕದು. ಅದನ್ನು ತಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಅಂಟಿಸೋದು ಮೋಸ.

ಯುರೋಪಿನವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ಎಲ್ಲ ಸಿಗ್ನಲ್‌ಗೂ ಒಂದೇ ರಿಯಾಯಿತಿ ಇಲ್ಲ. ಯಾವ ಸಿಗ್ನಲ್ ಅಂತ ನೋಡಿ ಬೋರ್ಡ್ ಹಾಕುತ್ತಾರೆ. ಪ್ಯಾರಿಸ್ 2012ರಲ್ಲಿ ಪ್ರಯೋಗ ಮಾಡಿ 2015ರಲ್ಲಿ ವಿಸ್ತರಿಸಿತು. ಸಿಗ್ನಲ್ ಕಂಬದ ಮೇಲೆ ತಲೆಕೆಳಗಾದ ಚಿಕ್ಕ ತ್ರಿಕೋನ, ಒಳಗೆ ಹಳದಿ ಸೈಕಲ್, ಬಾಣದ ಗುರುತು. ಅದಿದ್ದ ಕಡೆ ಸೈಕಲ್ ಕೆಂಪಿನಲ್ಲೂ ಬಲಕ್ಕೆ ತಿರುಗಬಹುದು, ಕೆಲವು ಕಡೆ ನೇರ ಹೋಗಬಹುದು. ನಡೆದು ದಾಟುವವರಿಗೆ ಮಾತ್ರ ಮೊದಲು ದಾರಿ ಬಿಡಬೇಕು. ಬೆಲ್ಜಿಯಂ 2012ರಲ್ಲಿ, ಜರ್ಮನಿ 2020ರಲ್ಲಿ, ಸ್ವಿಟ್ಜರ್‌ಲೆಂಡ್ 2021ರಲ್ಲಿ ಇಂಥದ್ದೇ ನಿಯಮ ತಂದವು. ಅವರದು ಬಲಗಡೆ ಓಡಿಸೋ ದೇಶ, ಹಾಗಾಗಿ ಅವರ ಬಲ ನಮ್ಮ ಎಡ. ಅಂದರೆ ಇದು ನಮ್ಮ ‘ಫ್ರೀ ಲೆಫ್ಟ್’! ಅಲ್ಲಿ ಬೋರ್ಡು ನೋಡಿ ಸೈಕಲ್‌ಗೆ ಕೊಟ್ಟಿದ್ದನ್ನು ನಾವು ಎಷ್ಟೋ ಜಂಕ್ಷನ್‌ಗಳಲ್ಲಿ ಲಾರಿಗೂ ಕೊಟ್ಟು ಕೂತಿದ್ದೇವೆ.

ನ್ಯೂಯಾರ್ಕ್ ನಗರ ಎರಡು ಕಡೆಗೂ ಎಳೆದಾಡಿದೆ. ಪಾದಚಾರಿಗಳಿಗೆ ಕೆಲವು ಸೆಕೆಂಡು ಮುಂಚೆ ದಾರಿ ಬಿಡೋ ಸಿಗ್ನಲ್‌ಗಳಲ್ಲಿ ಸೈಕಲ್‌ನವರೂ ಅವರ ಜೊತೆ ಹೊರಡಬಹುದು ಅಂತ 2019ರಲ್ಲಿ ಕಾನೂನು ಮಾಡಿತು. 2025ರ ಏಪ್ರಿಲ್ ಕೊನೆಯಿಂದ ಅದೇ ಊರಿನ ಪೊಲೀಸರು ಕೆಂಪು ದಾಟಿದ ಸೈಕಲ್‌ನವರಿಗೆ ಬರೀ ದಂಡದ ಚೀಟಿ ಬಿಟ್ಟು ಕ್ರಿಮಿನಲ್ ಕೋರ್ಟಿನ ಸಮನ್ಸ್ ಕೊಡಲು ಶುರು ಮಾಡಿದರು. ಆಗ ಕಾರಿನವರಿಗೆ ಅದೇ ತಪ್ಪಿಗೆ ಟಿಕೆಟ್ ಇತ್ತು, ಸೈಕಲ್‌ನವರಿಗೆ ಕೋರ್ಟು. ಇದಕ್ಕೆ ಏನನ್ನಬೇಕೋ.

ಇಷ್ಟೆಲ್ಲ ಕೇಳಿದ ಮೇಲೂ ನಾನು ಯಾಕೆ ‘ಇಲ್ಲಿ ನಿಲ್ಲಿ’ ಅನ್ನುತ್ತೇನೆ? ಐಡಾಹೊ ನಿಯಮ ನಿಂತಿರೋದು ‘ನೋಡಿ ಹೋಗು’ ಅನ್ನೋದರ ಮೇಲೆ. ನೋಡಿದರೆ ಕಾಣಬೇಕು ತಾನೇ? ನಮ್ಮ ದೊಡ್ಡ ಜಂಕ್ಷನ್‌ಗಳಲ್ಲಿ ಮೆಟ್ರೋ ಕಂಬ, ಫ್ಲೈಓವರ್ ಕಂಬ, ನಿಂತ ಬಸ್ಸು ನೋಟ ಮುಚ್ಚುತ್ತವೆ. ಬಲಗಡೆ ಮಾತ್ರ ನೋಡಿದರೆ ಸಾಲದು, ರಾಂಗ್ ಸೈಡಿನಲ್ಲಿ ಬರೋ ಬೈಕಿಗಾಗಿ ಎಡಗಡೆಯೂ ನೋಡಬೇಕು. ಫ್ರೀ ಲೆಫ್ಟ್‌ನಿಂದ ಗಾಡಿಗಳು ನಿಲ್ಲದೇ ಸುರಿಯುತ್ತಿರುತ್ತವೆ. ನಾಲ್ಕು ಕಡೆಯಿಂದ ಬರೋದನ್ನು ಎರಡು ಕಣ್ಣಲ್ಲಿ ಅಳೆಯೋಕೆ ಆಗಲ್ಲ.

ಇನ್ನೊಂದು ಕಾರಣ ನಡೆಯುವವರು. ನಮ್ಮ ರಸ್ತೆಗಳಲ್ಲಿ ಪಾದಚಾರಿಗೆ ಸಿಗೋದು ಆ ಒಂದು ಕೆಂಪು ಗಳಿಗೆ ಮಾತ್ರ. ಅದರಲ್ಲೂ ಕಣ್ಣು ಕಾಣದವರು ದಾಟೋದು ಶಬ್ದದ ಆಧಾರದ ಮೇಲೆ. ಎಂಜಿನ್‌ಗಳೆಲ್ಲ ನಿಂತು ಗುರುಗುಟ್ಟುತ್ತಿವೆ ಅಂದರೆ ದಾಟಬಹುದು ಅಂತ ಅರ್ಥ. ಸೈಕಲ್‌ಗೆ ಶಬ್ದವೇ ಇಲ್ಲ. 60 ಪಟ್ಟು ಕಡಿಮೆ ಶಕ್ತಿ ಅಂತ ಆಗ ಹೇಳಿದೆನಲ್ಲ, ಎಪ್ಪತ್ತು ವರ್ಷದ ಅಜ್ಜಿಯ ಸೊಂಟ ಮುರಿಯೋಕೆ ಉಳಿದಿರೋದೇ ಸಾಕು. ಜೀಬ್ರಾ ಮೇಲೆ ಒಬ್ಬರೇ ಒಬ್ಬರು ಇದ್ದರೂ ನಿಲ್ಲಬೇಕು. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಹಾಗಂತ ಎಲ್ಲ ಕೆಂಪೂ ಒಂದೇ ಅಲ್ಲ. ಟಿ ಆಕಾರದ ಜಂಕ್ಷನ್ ನೋಡಿ. ಅಡ್ಡ ರಸ್ತೆ ಬಲಗಡೆಯಿಂದ ಬಂದು ಸೇರುತ್ತದೆ, ನೀವು ಎಡ ಅಂಚಿನಲ್ಲಿ ನೇರ ಹೋಗುತ್ತಿದ್ದೀರಿ. ಆ ಅಂಚಿನಲ್ಲಿ ಒಂದೂವರೆ ಮೀಟರ್ ದಾರಿ ಬೇರೆ ಮಾಡಿಕೊಟ್ಟರೆ ನಿಮಗೆ ಅಡ್ಡ ಬರೋದು ನಡೆದು ದಾಟುವವರು ಮಾತ್ರ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ಕಡೆ ಸೈಕಲ್ ದಾರಿ ಸಿಗ್ನಲ್‌ನ ಪಕ್ಕದಲ್ಲೇ ಹಾದುಹೋಗುತ್ತದೆ, ಕೆಂಪು ಅದಕ್ಕೆ ಅನ್ವಯವೇ ಆಗಲ್ಲ. ‘ನೋಡಿ ಹೋಗು’ ಅನ್ನೋದು ನಮಗೆ ತೀರಾ ಹೊಸದೂ ಅಲ್ಲ. ರಾತ್ರಿ ಹೊತ್ತು ನಮ್ಮ ಎಷ್ಟೋ ಸಿಗ್ನಲ್‌ಗಳು ಹಳದಿ ಮಿನುಗುತ್ತಿರುತ್ತವೆ. ನಿಧಾನ ಮಾಡಿ, ಎಚ್ಚರದಿಂದ ದಾಟಿ ಅಂತ ಅದರರ್ಥ. ಮರಳು ಲಾರಿಗೆ ರಾತ್ರಿ ಕೊಟ್ಟಿರೋ ನಂಬಿಕೆಯನ್ನು ಸೈಕಲ್‌ಗೆ ಹಗಲು, ಅದೂ ಕೆಲವೇ ಜಾಗಗಳಲ್ಲಿ, ಕೊಡೋದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ.

ತೀರಾ ಅವಸರ ಇದ್ದವರಿಗೆ ಇವತ್ತೇ ಒಂದು ದಾರಿ ಇದೆ. ಇಳಿದು ತಳ್ಳಿಕೊಂಡು ಹೋಗಿ. ಪಾದಚಾರಿಗಳಿಗೆ ಹಸಿರು ಇರುವಾಗ ಜೀಬ್ರಾ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವವರು ಪಾದಚಾರಿಯೇ. 1980ರಲ್ಲಿ ಇಂಗ್ಲೆಂಡಿನ ಕೋರ್ಟೊಂದು ಹೀಗೇ ತೀರ್ಪು ಕೊಟ್ಟಿತ್ತು. ಬಲಕ್ಕೆ ತಿರುಗಬೇಕಾದಾಗಲೂ ನಾಲ್ಕು ಲೇನ್ ದಾಟಿ ಮಧ್ಯಕ್ಕೆ ಹೋಗೋದಕ್ಕಿಂತ ಇದೇ ಮೇಲು.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ಲಕ್ಷಗಟ್ಟಲೆ ಮಕ್ಕಳು ರಸ್ತೆಗಿಳಿದರು. ಸೈಕಲ್‌ಗೆ ಲೈಸೆನ್ಸ್ ಬೇಡ, ಹಾಗಾಗಿ ಹಳದಿ ದೀಪ ಅಂದರೆ ಏನು, ಬಸ್ಸಿನ ಎಡಪಕ್ಕ ಯಾಕೆ ನಿಲ್ಲಬಾರದು ಅಂತ ಯಾವ ಪರೀಕ್ಷೆಯೂ ಅವರನ್ನು ಕೇಳಲ್ಲ. ಇಂಥವರನ್ನು ನೆನೆದಾಗಲೇ ಸಿಗ್ನಲ್ಲೇ ಬದಲಾಗಬೇಕು ಅಂತ ಅನಿಸೋದು.

ಬದಲಾವಣೆ ಅಂದರೆ ಏನೇನು? ಕೋಪನ್‌ಹೇಗನ್‌ನ ನೊರೆಬ್ರೊಗೇಡ್ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತುಳಿದರೆ ಸಾಲಾಗಿ ಹಸಿರು ಸಿಗುವಂತೆ ದೀಪಗಳನ್ನು ಜೋಡಿಸಿದ್ದಾರೆ. ಬೆಳಗ್ಗೆ ಪೇಟೆ ಕಡೆ ಹೋಗುವವರು ಕಾಲು ಕೆಳಗಿಡೋದೇ ಇಲ್ಲ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಕೆಲವು ಜಂಕ್ಷನ್‌ಗಳಲ್ಲಿ ನಾಲ್ಕೂ ದಿಕ್ಕಿನ ಸೈಕಲ್‌ಗಳಿಗೆ ಒಟ್ಟಿಗೆ ಹಸಿರು ಬೀಳುತ್ತದೆ, ಆಗ ಕಾರುಗಳೆಲ್ಲ ನಿಂತಿರುತ್ತವೆ. ಇವು ನಮಗೆ ಸದ್ಯಕ್ಕೆ ದೂರದ ಮಾತು. ಎಲ್ಲ ದಿಕ್ಕಿಗೂ ಕೆಂಪು ಇರುವ ಹೊತ್ತನ್ನು ಮೂರು ಸೆಕೆಂಡು ಜಾಸ್ತಿ ಮಾಡಿ ಅಂತ ಕೇಳಬಹುದು. ಆದರೆ ನಾಲ್ಕು ಸರದಿಗೆ ಹನ್ನೆರಡು ಸೆಕೆಂಡಾಯಿತು, ಮೂರು ನಿಮಿಷದ ಸುತ್ತಿನಲ್ಲಿ ಅದು ಕಡಿಮೆಯೇನಲ್ಲ. ಕಾರಿನವರು ಬಿಡಿ, ಬಸ್ಸಿನಲ್ಲಿ ನೇತಾಡುತ್ತಿರುವವರೂ ಬೈಯುತ್ತಾರೆ.

ಅಗ್ಗದ ಕೆಲಸ ಬೇರೆ ಇದೆ. ಗಾಡಿಗಳ ಸ್ಟಾಪ್ ಲೈನ್ ಮುಂದೆ ಸೈಕಲ್‌ಗೆ ಒಂದು ಚೌಕ, ನಾಲ್ಕು ಸೆಕೆಂಡು ಮೊದಲು ಹಸಿರು. ಆಕ್ಸ್‌ಫರ್ಡ್‌ನಲ್ಲಿ ಇಂಥ ಚೌಕ 1984ರಲ್ಲೇ ಬಂತು. ನಮ್ಮಲ್ಲಿ ಬರೀ ಬಣ್ಣ ಬಳಿದರೆ ಆ ಚೌಕದಲ್ಲಿ ಮೊದಲು ಬಂದು ನಿಲ್ಲೋದು ಬೈಕುಗಳೇ, ಅದು ಎಲ್ಲರಿಗೂ ಗೊತ್ತು. ಆದರೆ ಬೈಕಿಗೆ ನಂಬರ್ ಪ್ಲೇಟ್ ಇದೆ, ಅದನ್ನು ಓದೋ ಕ್ಯಾಮೆರಾಗಳು ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳಲ್ಲಿ ಈಗಾಗಲೇ ಇವೆ. ಬಿಳಿ ಗೆರೆಯನ್ನು ನಾಲ್ಕೈದು ಮೀಟರ್ ಹಿಂದಕ್ಕೆ ಎಳೆದು, ಕ್ಯಾಮೆರಾಕ್ಕೂ ಆ ಹೊಸ ಗೆರೆಯನ್ನೇ ತೋರಿಸಿಕೊಟ್ಟರೆ ಒಂದು ಜಂಕ್ಷನ್‌ನಲ್ಲಾದರೂ ಶುರು ಮಾಡಬಹುದು.